ಸಕ್ಕರೆ ಇನ್ನೊಂದು ಹಿಡಿ

ಬಿಸ್ಕತ್ತು ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ನಾಲಿಗೆಯಕ್ಕ ಎಂದೇ ಕರೆಯುತ್ತಿದ್ದರು. ಬಾಯಿ ಜೋರು ಅಂತಲ್ಲ. ಜೋರೇ, ಅದು ಬೇರೆ ವಿಷಯ. ಇಪ್ಪತ್ತಾರು ವರ್ಷದಿಂದ ಅವಳ ಕೆಲಸವೇ ನಾಲಿಗೆಯದು. ಒಲೆಯಿಂದ ಇಳಿದ ಬಿಸ್ಕತ್ತು ಪೊಟ್ಟಣ ಸೇರುವ ಮುಂಚೆ ಅವಳ ಬಾಯಿ ದಾಟಿ ಹೋಗಬೇಕಿತ್ತು. ಅವಳು "ಹೂಂ" ಅಂದರೆ ಮಾಲು ಲಾರಿ ಹತ್ತುತ್ತಿತ್ತು. "ಊಹೂಂ" ಅಂದರೆ ಪುಡಿಯಾಗಿ ಕೋಳಿಗಳ ಪಾಲಾಗುತ್ತಿತ್ತು. ಅವಳು ಹೊಸದಾಗಿ ಸೇರಿದ್ದ ಕಾಲದಲ್ಲಿ ಕೋಳಿಗಳು ಚೆನ್ನಾಗಿಯೇ ಕೊಬ್ಬಿದವಂತೆ.

ವಯಸ್ಸು ಈಗ ಐವತ್ತೊಂದು. ಕಾರ್ಖಾನೆಯಲ್ಲಿ ಅವಳಿಗಿಂತ ಹಿರಿಯರು ನಾಲ್ಕೈದು ಜನ ಇದ್ದರು, ಅವರಿಗೂ ಅವಳು ಅಕ್ಕನೇ. ಹಿಟ್ಟು ಕಲಸುವ ಕೋಣೆಯ ಹಿಟ್ಟಣ್ಣನಿಗೆ ಅರವತ್ತು ತುಂಬುತ್ತಿತ್ತು. ಅವನು ಇವಳನ್ನು ಅಕ್ಕ ಅನ್ನುತ್ತಿದ್ದ, ಇವಳು ಅವನನ್ನು ಅಣ್ಣ ಅನ್ನುತ್ತಿದ್ದಳು. ಹೀಗೆ ಇಬ್ಬರೂ ಪರಸ್ಪರ ದೊಡ್ಡವರಾಗಿ ಇಪ್ಪತ್ತಾರು ವರ್ಷ ಸಲೀಸಾಗಿ ಕಳೆದುಬಿಟ್ಟಿದ್ದರು.

ರುಚಿ ನೋಡುವ ಕೋಣೆ ಮೂರನೇ ಮಹಡಿಯಲ್ಲಿತ್ತು. ಬಿಳಿ ಗೋಡೆ, ಉದ್ದನೆಯ ಮೇಜು, ಮೂರು ಕುರ್ಚಿ, ಬೆಚ್ಚಗಿನ ನೀರಿನ ಹೂಜಿ. ಬೆಳಿಗ್ಗೆ ಹತ್ತೂವರೆಗೆ ಮೂವರು ಕೂರುತ್ತಿದ್ದರು: ನಡುವೆ ನಾಲಿಗೆಯಕ್ಕ, ಬಲಕ್ಕೆ ಒಲೆ ಮೇಸ್ತ್ರಿ, ಎಡಕ್ಕೆ ಪೊಟ್ಟಣದ ಕೋಣೆ ನೋಡಿಕೊಳ್ಳುವ ಚಿಕ್ಕಮ್ಮ. ಚಿಕ್ಕಮ್ಮನಿಗೆ ಮೂವತ್ತೈದೇ ವರ್ಷ, ಆದರೂ ಊರಿಗೆಲ್ಲ ಚಿಕ್ಕಮ್ಮ. ಒಂದು ಗಂಟೆ ಮೊದಲಿನಿಂದ ಯಾರೂ ಕಾಫಿ ಕುಡಿಯುವಂತಿಲ್ಲ, ಸೆಂಟು ಹಚ್ಚಿಕೊಂಡು ಬರುವಂತಿಲ್ಲ, ಒಳಗೆ ಮಾತಾಡುವಂತಿಲ್ಲ. ಮೂವರೂ ಬೇರೆ ಬೇರೆಯಾಗಿ ರುಚಿ ನೋಡಿ ಬೇರೆ ಬೇರೆಯಾಗಿ ಹೇಳಬೇಕು ಎಂಬುದು ನಿಯಮ. ನಡೆಯುತ್ತಿದ್ದದ್ದು ಬೇರೆ. ನಾಲಿಗೆಯಕ್ಕ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದಳು. ಉಳಿದಿಬ್ಬರೂ ಅಗಿಯುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿದ್ದರು. ಅವಳ ತಲೆ ಅಲುಗಿದ ಕಡೆಗೆ ಅವರ ತಲೆಯೂ ಅಲುಗುತ್ತಿತ್ತು.

ಮೇಜಿನ ಮೇಲೆ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಅದು ಮಾದರಿ ಡಬ್ಬಿ. ನಮ್ಮ ಬಿಸ್ಕತ್ತು ಎಂದರೆ ಹೀಗೇ ಇರಬೇಕು ಎಂದು ಒಪ್ಪಿಕೊಂಡ ಬಿಸ್ಕತ್ತುಗಳು ಅದರಲ್ಲಿ. ದಿನವೂ ಅದರಲ್ಲೊಂದು ಚೂರು ತಿಂದು, ನೀರು ಕುಡಿದು, ಹೊಸದನ್ನು ತಿಂದು ಹೋಲಿಸಬೇಕು. ಆದರೆ ಬಿಸ್ಕತ್ತು ಕಲ್ಲಲ್ಲವಲ್ಲ, ಮೂರು ತಿಂಗಳಿಗೆ ಮೆತ್ತಗಾಗುತ್ತದೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ಡಬ್ಬಿ ಖಾಲಿ ಮಾಡಿ, ಹೊಸ ಬಿಸ್ಕತ್ತು ತುಂಬಿ, ಮುಚ್ಚಳದ ಮೇಲೆ ಕಾಗದ ಅಂಟಿಸಿ ನಾಲಿಗೆಯಕ್ಕ ಸಹಿ ಹಾಕುತ್ತಿದ್ದಳು. ಮೆತ್ತಗಾದ ಹಳೆಯದರ ಜೊತೆ ಹೋಲಿಸಿ ಏನು ಪ್ರಯೋಜನ? ಹೀಗಾಗಿ ಆ ಒಂದು ದಿನ ಮಾತ್ರ ಹೋಲಿಕೆಗೆ ಡಬ್ಬಿ ಇರುತ್ತಿರಲಿಲ್ಲ. ಅವಳ ನೆನಪೇ ಡಬ್ಬಿ.

ಈಚೆಗೆ ಕೆಲವು ವರ್ಷಗಳಿಂದ ಡಬ್ಬಿ ತುಂಬುವ ದಿನ ಬಂತೆಂದರೆ ಅವಳು ಹುಬ್ಬು ಗಂಟಿಕ್ಕುತ್ತಿದ್ದಳು. "ಏನೋ ಕಮ್ಮಿ ಇದೆ ಕಣಣ್ಣಾ. ಈಗಿನ ಸಕ್ಕರೆಗೆ ಸಿಹಿಯೇ ಇಲ್ಲ. ಇನ್ನೊಂದು ಹಿಡಿ ಹಾಕಿ ನೋಡಿ."

ಹಿಟ್ಟಣ್ಣ ಇನ್ನೊಂದು ಹಿಡಿ ಹಾಕುತ್ತಿದ್ದ. ಅವಳು ಕಣ್ಣು ಮುಚ್ಚಿ ತಿಂದು, "ಹೂಂ, ಈಗ ಬಂತು ನೋಡಿ ನಮ್ಮ ಬಿಸ್ಕತ್ತು" ಅನ್ನುತ್ತಿದ್ದಳು. ಎಲ್ಲರಿಗೂ ಖುಷಿ. ಈಗಿನ ಸಕ್ಕರೆಯನ್ನು, ಈಗಿನ ಬೆಣ್ಣೆಯನ್ನು, ಬೆಣ್ಣೆ ಕೊಡುವ ಈಗಿನ ಹಸುಗಳನ್ನು ಮೂವರೂ ಸೇರಿ ಸ್ವಲ್ಪ ಹೊತ್ತು ಬೈದು ಕೆಳಗಿಳಿಯುತ್ತಿದ್ದರು. ನಡುವಯಸ್ಸಿನವರಿಗೆ ಈಗಿನ ಕಾಲವನ್ನು ಬೈಯುವುದರಲ್ಲಿ ಸಿಗುವ ಸುಖ ಬೇರೆಯವರಿಗೆ ಸಿಗುವುದಿಲ್ಲ.

ಮನೆಯಲ್ಲಿ ಅವಳು ಬೇರೆಯೇ ಮನುಷ್ಯಳಾಗುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು, ಅದರ ಬಗ್ಗೆ ಅವಳಿಗೆ ಬೇಸರವೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಸಕ್ಕರೆ ಡಬ್ಬಕ್ಕೆ ಕೈಹಾಕಿ ಬಾಯಿ ತುಂಬ ಮುಕ್ಕುತ್ತಿದ್ದವಳು. ಸಿನಿಮಾ ಬಂದರೆ ಮೊದಲ ದಿನ, ಮೊದಲ ಆಟ. ನೆಂಟರ ಮದುವೆ ಎಂದರೆ ಮೂರು ದಿನ ಮೊದಲೇ ಹೋಗಿ ಕೂರಬೇಕು. ಕಾಲು ಕಚ್ಚಿದರೂ ಸರಿ, ಚಪ್ಪಲಿಗೆ ಹಿಮ್ಮಡಿ ಇರಲೇಬೇಕು. ಈಗ ನೋಡಿದರೆ ಆ ಹುಡುಗಿ ಯಾರೋ ಪಕ್ಕದ ಮನೆಯವಳು ಅನ್ನಿಸುತ್ತಿತ್ತು. ಈಗ ಅವಳಿಗೆ ಕಾಫಿಗೆ ಸಕ್ಕರೆ ಬೇಡ. ಸೊಪ್ಪಿನಲ್ಲಿ ಕಹಿ ಸೊಪ್ಪೇ ಬೇಕು. ಕಿತ್ತಳೆ ಸುಲಿದರೆ ತೊಳೆಗಳನ್ನು ಮಗಳಿಗೆ ಕೊಟ್ಟು ಸಿಪ್ಪೆಯ ತುಣುಕು ಅಗಿಯುತ್ತಾ ಕೂರುತ್ತಿದ್ದಳು. ಒಗೆದು ಒಣಗಿದ ಹಾಸಿಗೆ ಬಟ್ಟೆ, ಒಂಬತ್ತಕ್ಕೆ ನಿದ್ದೆ, ಸಂಜೆ ಮನೆಗೆ ಬಂದು ಚಪ್ಪಲಿ ಕಳಚಿ ತಣ್ಣನೆಯ ನೆಲದ ಮೇಲೆ ಪಾದ ಇಡುವ ಆ ಮೊದಲ ಗಳಿಗೆ, ಇವು ಅವಳ ಸುಖಗಳು. ಭಾನುವಾರ ಬರುತ್ತೇವೆ ಎಂದಿದ್ದ ನೆಂಟರು ಬರೋಕಾಗಲ್ಲ ಎಂದು ಫೋನ್ ಮಾಡಿದರೆ, "ಅಯ್ಯೋ, ಹೌದಾ, ಛೆ" ಎಂದು ಬಾಯಲ್ಲಿ ಹೇಳಿ ಫೋನ್ ಇಟ್ಟು ಗಂಡನ ಕಡೆ ನೋಡಿ ನಗುತ್ತಿದ್ದಳು.

ಗಂಡ ದರ್ಜಿ. ಒಂದು ಕಾಲಕ್ಕೆ ರೇಡಿಯೊ ಕಿವಿ ಕಿತ್ತುಹೋಗುವಷ್ಟು ಜೋರು ಮಾಡಿಕೊಂಡು ಹೊಲಿಯುತ್ತಿದ್ದವನು, ಈಗ ರೇಡಿಯೊ ಮೇಲೆ ದೂಳು. ಸಂಜೆ ಅವನು ಅಂಗಡಿಯಿಂದ ತಂದ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದ, ಅವಳು ಎದುರಿಗೆ ಏನೂ ಮಾಡದೆ ಕೂರುತ್ತಿದ್ದಳು. ಕಾಲೇಜಿಗೆ ಹೋಗುವ ಮಗಳು ನಡುವೆ ಓಡಾಡುತ್ತಾ, "ನೀವಿಬ್ರೂ ಬಸ್ಸಿಗೆ ಕಾಯ್ತಿದೀರೇನು?" ಎಂದು ಕೇಳುತ್ತಿದ್ದಳು.

ಇಷ್ಟೆಲ್ಲ ಬದಲಾದರೂ ತನ್ನ ಕೆಲಸದ ನಾಲಿಗೆ ಬದಲಾಗಿಲ್ಲ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. "ಮನೇಲಿ ನಂಗೆ ಇಷ್ಟ ಆಗೋದು ಬೇರೆ, ಅಲ್ಲಿ ನಾನು ಅಳೆಯೋದು ಬೇರೆ. ತಕ್ಕಡಿಗೆ ಎಲ್ಲಾದ್ರೂ ವಯಸ್ಸಾಗುತ್ತಾ?" ಎಂದು ಕೇಳುತ್ತಿದ್ದಳು. ಗಂಡ ಸೂಜಿಗೆ ದಾರ ಪೋಣಿಸುತ್ತಿದ್ದ. ಸೂಜಿಯ ಕಣ್ಣು ಸಿಗುವುದೇ ಅವನಿಗೆ ದೊಡ್ಡ ಕೆಲಸವಾಗಿತ್ತು.

ಹಿಟ್ಟಣ್ಣ ನಿವೃತ್ತನಾಗುವ ದಿನ ಶುಕ್ರವಾರ ಬಂತು. ಮರುದಿನ ಶನಿವಾರ ಡಬ್ಬಿ ತುಂಬುವ ದಿನ. ಶುಕ್ರವಾರ ಹತ್ತೂವರೆಗೆ ಹಿಟ್ಟಣ್ಣ ತಾನೇ ತಟ್ಟೆಗಳನ್ನು ಹಿಡಿದು ಮೂರು ಮಹಡಿ ಹತ್ತಿ ಬಂದ. ಯಾವತ್ತೂ ಹಾಗೆ ಬಂದವನಲ್ಲ. ಒಗೆದ ಅಂಗಿ ಹಾಕಿದ್ದ, ತಲೆ ಬಾಚಿದ್ದ. ಎರಡು ತಟ್ಟೆ ಮೇಜಿನ ಮೇಲಿಟ್ಟು ಬಾಗಿಲ ಬಳಿ ಕೈಕಟ್ಟಿ ನಿಂತ. ಮುಖದಲ್ಲಿ ತಡೆದುಕೊಂಡ ನಗು.

ಮೊದಲ ತಟ್ಟೆಗೆ ನಾಲಿಗೆಯಕ್ಕ ತಲೆಯಾಡಿಸಿದಳು. ನೀರು ಕುಡಿದಳು. ಎರಡನೆಯದರಿಂದ ಒಂದು ತುಂಡು ಮುರಿದು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನಲ್ಲೇ ಮುಖ ಕಿವುಚಿದಳು.

"ಸಪ್ಪೆ. ಸಕ್ಕರೆ ಹಾಕೋದನ್ನೇ ಮರೆತ ಹಾಗಿದೆ. ಕೋಳಿಗೆ ಹಾಕಿ."

ಒಲೆ ಮೇಸ್ತ್ರಿಯೂ ಚಿಕ್ಕಮ್ಮನೂ ತಲೆಯಾಡಿಸಿದರು. ಹಿಟ್ಟಣ್ಣನ ಮುಖದ ನಗು ಇಳಿಯಿತು. ಇಬ್ಬರೂ ಎದ್ದುಹೋದರು, ಅವನು ಹೋಗಲಿಲ್ಲ.

"ಏನಣ್ಣಾ, ಕೊನೇ ದಿನ ಹೀಗೆ ಮಾಡಿದ್ರಿ? ಯಾಕೆ, ಹುಷಾರಿಲ್ವಾ?" ಎಂದು ಅವಳು ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಾ ಕೇಳಿದಳು.

"ಅಕ್ಕಾ, ಅದು ನಮ್ಮ ಮೊದಲ್ನೇ ವರ್ಷದ್ದು."

"ಯಾವುದು?"

"ನೀವು ಕೆಲಸಕ್ಕೆ ಸೇರಿ ಮೊದಲ ಸಲ ಡಬ್ಬಿ ತುಂಬಿದ್ರಲ್ಲ, ಆ ಅಳತೆ. ಆ ಹಿಟ್ಟು, ಆ ಬೆಣ್ಣೆ, ಒಂದು ಸಲ ಕಲಸೋಕೆ ಹನ್ನೆರಡು ಡಬ್ಬ ಸಕ್ಕರೆ. ಬಾಯಿಗಿಟ್ಟ ತಕ್ಷಣ ನಿಮಗೆ ಗೊತ್ತಾಗುತ್ತೆ ಅನ್ಕೊಂಡೆ. 'ಅಯ್ಯೋ ಅಣ್ಣಾ, ಇದು ಆ ಕಾಲದ್ದಲ್ವಾ' ಅಂತೀರ ಅಂತ. ಹೋಗೋ ಮುಂಚೆ ಒಂದ್ಸಲ ನಿಮಗೆ ತಿನ್ನಿಸಿ ಹೋಗೋಣ ಅಂತಿದ್ದೆ, ಅಷ್ಟೇ."

ಅವನು ಉಡುಗೊರೆ ಎಂದು ತಂದದ್ದನ್ನು ಅವಳು ಕೋಳಿಗೆ ಹಾಕಿ ಅಂದಿದ್ದಳು. ಅದು ಅರ್ಥವಾಗುವ ಮೊದಲೇ ಅವಳಿಗೆ ಸಿಟ್ಟು ಬಂದಿತ್ತು. ಅವಳ ಸಿಟ್ಟು ಯಾವಾಗಲೂ ಎರಡು ಹೆಜ್ಜೆ ಮುಂದೆಯೇ ನಡೆಯುತ್ತಿತ್ತು.

"ನನ್ನನ್ನ ಪರೀಕ್ಷೆ ಮಾಡೋಕೆ ಬಂದ್ರಾ? ಇಪ್ಪತ್ತಾರು ವರ್ಷ ಆದ್ಮೇಲೆ? ಈಗಿನ ಹನ್ನೆರಡು ಡಬ್ಬ ಆಗಿನ ಹನ್ನೆರಡು ಡಬ್ಬಕ್ಕೆ ಸಮಾನಾ? ಈಗಿನ ಸಕ್ಕರೇನೇ..."

"ಸಕ್ಕರೆ ಅದೇ ಅಕ್ಕಾ," ಎಂದ ಹಿಟ್ಟಣ್ಣ ನೆಲ ನೋಡುತ್ತಾ. "ಈಗ ನಾವು ಹದಿನೇಳು ಹಾಕ್ತಾ ಇದೀವಿ."

ಹದಿನೇಳು! ಹಿಡಿ ಹಿಡಿಯಾಗಿ ಹೋದದ್ದು ಅವಳ ಲೆಕ್ಕಕ್ಕೆ ಬಂದೇ ಇರಲಿಲ್ಲ. ಒಂದು ಹಿಡಿ ಎಂದರೆ ಎಷ್ಟು ಮಹಾ?

"ಮತ್ತೆ ಹೇಳೋಕೇನಾಗಿತ್ತು ನಿಮಗೆ?"

"ನೀವು ಸಕ್ಕರೆ ಸರಿ ಇಲ್ಲ ಅಂದ್ರಿ. ನಾನೂ ನಂಬಿದೆ. ನಂಗೂ ಸಪ್ಪೆ ಅನ್ಸೋದು, ನಂದೂ ಅರವತ್ತರ ನಾಲಿಗೆ ಅಲ್ವಾ? ನಿನ್ನೆ ಇದನ್ನ ಮಾಡಿ ಮೊಮ್ಮಗಳಿಗೆ ಕೊಟ್ಟೆ. ಒಂದಾದ ಮೇಲೆ ಒಂದು ತಿಂದ್ಲು. ನಮ್ಮ ಪೊಟ್ಟಣದ್ದು ಕೊಟ್ರೆ ನೆಕ್ಕಿ ಇಟ್ಬಿಡ್ತಾಳೆ. ಆಗ ಅನುಮಾನ ಬಂತು. ಆದ್ರೂ ನಿಮ್ಮ ನಾಲಿಗೆ ಅಲ್ವಾ, ನಿಮಗೆ ಗೊತ್ತಾಗೇ ಆಗುತ್ತೆ ಅನ್ಕೊಂಡೆ."

ಅವನು ಹೋದ ಮೇಲೆ ಅವಳು ಆ ತಟ್ಟೆಯ ಬಿಸ್ಕತ್ತುಗಳನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಮಧ್ಯಾಹ್ನ ಹಿಟ್ಟಣ್ಣನಿಗೆ ಹಾರ ಹಾಕಿ, ಶಾಲು ಹೊದೆಸಿ, ಎಲ್ಲರೂ ಮಾತಾಡಿದರು. ಅವಳ ಸರದಿ ಬಂದಾಗ ಅವನ ಶಾಲಿನ ಅಂಚು ಸರಿಮಾಡಿ ಬಂದು ಕೂತುಬಿಟ್ಟಳು. ಪಾಪ, ಎಷ್ಟು ಪ್ರೀತಿ ಎಂದುಕೊಂಡರು ಜನ.

ಸಂಜೆ ಅವಳು ಮನೆಗೆ ಬಂದವಳು ಚಪ್ಪಲಿ ಕಳಚುವುದನ್ನೂ ಮರೆತು ಅಡುಗೆಮನೆಗೆ ನುಗ್ಗಿದಳು. ಮಗಳನ್ನು ಕರೆದು ಐದು ಲೋಟ ನೀರು ಇಡಿಸಿದಳು. ಒಂದರಲ್ಲಿ ಬರೀ ನೀರು, ಒಂದರಲ್ಲಿ ಅರ್ಧ ಚಮಚ ಸಕ್ಕರೆ, ಒಂದರಲ್ಲಿ ಒಂದು, ಒಂದೂವರೆ, ಎರಡು. "ಯಾವುದರಲ್ಲಿ ಎಷ್ಟು ಅಂತ ಲೋಟದ ಅಡಿಗೆ ಬರ್ದು ಅಂಟಿಸು. ಕಲಸಿ ಹಿಂದೆ ಮುಂದೆ ಮಾಡಿಡು. ನಾನು ನೋಡಲ್ಲ."

"ಏನಮ್ಮಾ ಇದು, ಮ್ಯಾಜಿಕ್ಕಾ?"

"ಹೇಳಿದಷ್ಟು ಮಾಡು."

ಒಂದೊಂದನ್ನೇ ಕುಡಿದು, ನಡುವೆ ಬಾಯಿ ಮುಕ್ಕಳಿಸಿ, ಅವಳು ಲೋಟಗಳನ್ನು ಸಾಲಾಗಿ ಇಟ್ಟಳು. ಮಗಳು ಒಂದೊಂದೇ ಎತ್ತಿ ಅಡಿ ನೋಡಿದಳು. ಅರ್ಧ ಚಮಚದ್ದನ್ನು ಅಮ್ಮ ಬರೀ ನೀರು ಎಂದಿಟ್ಟಿದ್ದಳು. ಒಂದು ಮತ್ತು ಒಂದೂವರೆ ತಿರುವುಮುರುವಾಗಿದ್ದವು. ಗಂಡನೂ ಕುಡಿದು ನೋಡಿದ, ಒಂದು ತಪ್ಪಿತು. ಮಗಳು ಕುಡಿದಳು, ಐದೂ ಸರಿ. ಅದೂ ಫೋನಿನಲ್ಲಿ ಯಾರಿಗೋ ಏನೋ ಬರೆಯುತ್ತಾ, ಒಂದು ಕೈಯಲ್ಲಿ.

ನಾಲಿಗೆಯಕ್ಕ ಸ್ಟೂಲಿನ ಮೇಲೆ ಕೂತಳು. ಗಂಡ ಅವಳ ಎದುರು ಕೂತು ಹೇಳಲೋ ಬೇಡವೋ ಎಂಬಂತೆ ತುಟಿ ಅಲ್ಲಾಡಿಸಿದ.

"ಏನು? ಹೇಳ್ರೀ."

"ಉಪ್ಪೂ ಅಷ್ಟೇ ಕಣೇ."

"ಏನು ಉಪ್ಪು?"

"ನೀನು ಬೇಳೆ ಬೇಯಿಸಿಟ್ಟು ಸ್ನಾನಕ್ಕೆ ಹೋಗ್ತೀಯಲ್ಲ, ಆಗ ನಾನು ನನ್ನ, ಮಗಳ ಪಾಲು ಬೇರೆ ತೆಗ್ದು ಬಿಸಿನೀರು ಬೆರೆಸಿಡ್ತೀನಿ. ಪಲ್ಯ ಆದ್ರೆ ಒಂದು ಬೇಯಿಸಿದ ಆಲೂಗಡ್ಡೆ ಹಿಸುಕಿ ಹಾಕ್ತೀನಿ."

"ಯಾವಾಗಿನಿಂದ?"

ಗಂಡ ಮಗಳ ಮುಖ ನೋಡಿದ. "ನಾನು ಕಾಲೇಜಿಗೆ ಸೇರೋ ಮುಂಚಿನಿಂದ," ಎಂದಳು ಮಗಳು ಮೆಲ್ಲಗೆ. ಅವಳು ಈಗ ಮೂರನೇ ವರ್ಷದಲ್ಲಿದ್ದಳು.

"ಮೂರು ವರ್ಷ! ಬಾಯಿ ಇರ್ಲಿಲ್ವಾ ನಿಮಗೆ? ಕೈಹಿಡಿದ ಹೆಂಡ್ತಿಗೆ ಒಂದು ಮಾತು ಹೇಳೋಕಾಗಲ್ವಾ?"

"ಹೇಗೆ ಹೇಳೋದು? ಇಡೀ ಕಾರ್ಖಾನೆ ನಿನ್ನ ನಾಲಿಗೆ ನಂಬ್ಕೊಂಡು ಕೂತಿದೆ. ನಾನು ಗುಂಡಿ ಹೊಲಿಯೋನು. ಮೊದಮೊದಲು ಒಂದ್ಸಲ ಹೇಳ್ದೆ, ನೀನು ಎರಡು ದಿನ ಮಾತಾಡ್ಲಿಲ್ಲ. ನೆನಪಿದೆಯಾ?"

ಅವಳಿಗೆ ನೆನಪಿತ್ತು. ಬಿಪಿ ಇರುವವರಿಗೆ ಎಲ್ಲವೂ ಉಪ್ಪೇ ಎಂದು ಬೈದದ್ದೂ ನೆನಪಿತ್ತು. ಅವನಿಗೆ ಬಿಪಿ ಇರಲಿಲ್ಲ.

ಅವಳಿಗೆ ಅವಮಾನವಾಯಿತು. ನಾಲಿಗೆ ಮಂದವಾಯಿತೆಂದಲ್ಲ, ಐವತ್ತಾದ ಮೇಲೆ ಕಣ್ಣು, ಕಿವಿ, ಮಂಡಿ ಎಲ್ಲದಕ್ಕೂ ಏನೋ ಒಂದು ಆಗುತ್ತದೆ, ನಾಲಿಗೆ ಏನು ಸ್ವರ್ಗದಿಂದ ಇಳಿದದ್ದೇ? ಅವಳು ಸ್ನಾನದ ಮನೆಯಲ್ಲಿ ಹಾಡಿಕೊಳ್ಳುತ್ತಿದ್ದಾಗ ಗಂಡ ಕಳ್ಳನ ಹಾಗೆ ಸದ್ದಿಲ್ಲದೆ ಬಿಸಿನೀರು ಕಾಯಿಸುತ್ತಿದ್ದನಲ್ಲ, ಆ ಚಿತ್ರ ಅವಳನ್ನು ಚುಚ್ಚಿತು. ಇಷ್ಟು ವರ್ಷ ಒಂದೇ ಮೇಜಿಗೆ ಕೂತು ಅವರು ಬೇರೆ ಊಟ ಮಾಡುತ್ತಿದ್ದರು.

ಅವಳು ಸಕ್ಕರೆ ಇಲ್ಲದ ಕಾಫಿ ಮಾಡಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತಳು. ಇನ್ನೂ ಬೆಳಕಿತ್ತು. ಎದುರಿನ ತಂತಿಯ ಮೇಲೆ ಪಕ್ಕದ ಮನೆಯವರ ಕಾಲುಚೀಲಗಳು ಒಣಗುತ್ತಿದ್ದವು. ಚೀಲದಿಂದ ಕಾಗದದ ಪೊಟ್ಟಣ ತೆಗೆದು ಒಂದು ಬಿಸ್ಕತ್ತು ಕೈಗೆ ತೆಗೆದುಕೊಂಡಳು. ಅಳೆಯುವುದಕ್ಕಲ್ಲ. ಕಾಫಿ ಜೊತೆ ಏನಾದರೂ ಬೇಕಿತ್ತು, ಅಷ್ಟೇ. ತನ್ನ ಮೂರ್ಖತನವನ್ನು, ಹಿಟ್ಟಣ್ಣನ ಬಾಚಿದ ತಲೆಯನ್ನು, ನಾಳೆ ಸಹಿ ಹಾಕಬೇಕಾದ ಡಬ್ಬಿಯನ್ನು ಯೋಚಿಸುತ್ತಾ ತಿಂದಳು. ಎರಡನೆಯದಕ್ಕೆ ಕೈ ತಾನಾಗಿ ಹೋಯಿತು. ಬೆಣ್ಣೆಯ ಪರಿಮಳ ಇತ್ತು. ಹುರಿದ ಹಿಟ್ಟಿನ ರುಚಿ ಇತ್ತು, ಅಂಚಿನಲ್ಲಿ ಸ್ವಲ್ಪ ಕಂದಿದ ಕಡೆ ಸಣ್ಣ ಕಹಿ ಇತ್ತು, ಎಲ್ಲ ಆದ ಮೇಲೆ ಕೊನೆಯಲ್ಲಿ ಒಂಚೂರು ಸಿಹಿ ಬರುತ್ತಿತ್ತು. ನಾಲ್ಕನೆಯದನ್ನು ಮುಗಿಸಿದಾಗ ಅವಳಿಗೆ ತಾನು ತಿನ್ನುತ್ತಿರುವುದು ಗೊತ್ತಾಯಿತು.

ಕಾರ್ಖಾನೆಯ ಬಿಸ್ಕತ್ತನ್ನು ಹೀಗೆ ಸುಮ್ಮನೆ ಕೂತು ತಿಂದು ಎಷ್ಟು ವರ್ಷವಾಗಿತ್ತು! ಎಂಟಿರಬೇಕು, ಹತ್ತಿರಬೇಕು. ದಿನಾ ತಿಂದೂ ತಿಂದೂ ಬೇಸರ ಬಂದಿದೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಈಗ ವಿಷಯ ಬಿಡಿಸಿಕೊಂಡಿತು. ಅಳೆಯುವ ನಾಲಿಗೆಗೆ ವಯಸ್ಸಾಗಿ ಇನ್ನಷ್ಟು ಬೇಕು, ಇನ್ನಷ್ಟು ಬೇಕು ಅನ್ನುತ್ತಿತ್ತು. ಬದುಕುವ ಹೆಂಗಸಿಗೆ ವಯಸ್ಸಾಗಿ ಸಾಕು, ಇಷ್ಟು ಸಾಕು ಅನ್ನುತ್ತಿದ್ದಳು. ಇಬ್ಬರೂ ಒಂದೇ ಮೈಯಲ್ಲಿದ್ದರೂ ಒಂದು ದಿನವೂ ಎದುರಾಬದುರು ಕೂತು ಮಾತಾಡಿರಲಿಲ್ಲ. ಅವಳು ತನಗೇ ಇಷ್ಟವಿಲ್ಲದ ಬಿಸ್ಕತ್ತನ್ನು ಊರಿಗೆಲ್ಲ ತಿನ್ನಿಸುತ್ತಾ ಬಂದಿದ್ದಳು.

ಗಂಡ ಬಂದು ಪಕ್ಕದಲ್ಲಿ ಕೂತ. ಅವಳು ಪೊಟ್ಟಣ ಅವನ ಕಡೆ ಸರಿಸಿದಳು. ಅವನು ಒಂದು ತಿಂದು, ಇನ್ನೊಂದು ತೆಗೆದುಕೊಂಡು, "ಇದು ಯಾವ ಕಂಪನೀದು?" ಎಂದು ಕೇಳಿದ. ಅವಳಿಗೆ ನಗುವೂ ಬಂತು, ಅಳುವೂ ಬಂತು.

ಶನಿವಾರ ಬೆಳಿಗ್ಗೆ ಅವಳು ಮೊದಲು ಮ್ಯಾನೇಜರ್ ಕೋಣೆಗೆ ಹೋದಳು. ಮ್ಯಾನೇಜರ್ ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಒಳ್ಳೆಯವನೇ, ಎದ್ದು ನಿಂತು ಕುರ್ಚಿ ಹಾಕಿದ. ಅವಳು ಹನ್ನೆರಡು, ಹದಿನೇಳು, ಐದು ಲೋಟ, ಎಲ್ಲ ಹೇಳಿದಳು. ಬೇಳೆಯ ವಿಷಯ ಮಾತ್ರ ಹೇಳಲಿಲ್ಲ, ಅದು ಮನೆ ಮಾತು.

"ಅಕ್ಕಾ, ಈಗ ಇದನ್ನೆಲ್ಲ ಎಬ್ಬಿಸ್ಬೇಡಿ," ಎಂದ ಅವನು ಬಾಗಿಲು ಮುಚ್ಚಿ ಬಂದು. "ಮಾಲು ಹೋಗ್ತಾ ಇದೆ. ಯಾರಾದ್ರೂ ದೂರು ಕೊಟ್ಟಿದಾರಾ? ಹಳೇ ಗಿರಾಕಿಗಳು ಅಷ್ಟೂ ಜನ ಇದ್ದಾರೆ."

"ಹಳೇ ಗಿರಾಕಿಗಳೇ ಇದ್ದಾರೆ. ಅವರಿಗೂ ನನ್ನ ಹಾಗೇ ವಯಸ್ಸಾಗಿದೆ. ಹೊಸಬರು ಎಷ್ಟು ಜನ ಇದ್ದಾರೆ ಹೇಳಿ."

ಅವನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದ. "ನಿಮಗಿನ್ನೂ ಒಂಬತ್ತು ವರ್ಷ ಕೆಲಸ ಇದೆ. ನಾಲಿಗೆ ಹೋಯ್ತು ಅಂತ ನೀವೇ ಬಾಯಿಬಿಟ್ಟು ಹೇಳಿದ್ರೆ ಮೇಲಿನವರು ಆ ಕುರ್ಚೀಲಿ ನಿಮ್ಮನ್ನ ಇಟ್ಕೋತಾರಾ? ಸುಮ್ನೆ ಸಹಿ ಹಾಕಿ. ಮುಂದಿನ ಸಲ ಒಂದು ಹಿಡಿ ಇಳಿಸಿ, ಅದರ ಮುಂದಿನ ಸಲ ಇನ್ನೊಂದು ಹಿಡಿ. ಯಾರಿಗೂ ಗೊತ್ತಾಗಲ್ಲ."

ಮಾತು ಕೆಟ್ಟದ್ದಾಗಿರಲಿಲ್ಲ. ನಿಜವಾಗಿಯೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಮೂರನೇ ಮಹಡಿಯ ಮೆಟ್ಟಿಲು ಹತ್ತುವಷ್ಟು ಹೊತ್ತು ಅದನ್ನೇ ಮಾಡೋಣ ಎಂದುಕೊಂಡಳು. ಆ ಕುರ್ಚಿ ಬಿಟ್ಟರೆ ಅವಳು ಯಾರು? ದರ್ಜಿಯ ಹೆಂಡತಿ, ಮಂಡಿನೋವಿನ ಒಬ್ಬ ಹೆಂಗಸು. ಎರಡನೇ ಮಹಡಿಯಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ ಅವಳಿಗೆ ಬಿಸಿನೀರಿನ ಪಾತ್ರೆ ಹಿಡಿದು ಕಿವಿಗೊಟ್ಟು ನಿಂತ ಗಂಡ ಕಂಡ. ಒಂದೊಂದೇ ಹಿಡಿ ಇಳಿಸುವುದೆಂದರೆ ಅದೇ ತಾನೇ? ಇಷ್ಟು ದಿನ ಅವನು ಅವಳಿಗೆ ಹೆದರಿ ಮಾಡಿದ್ದನ್ನು ಇನ್ನು ಅವಳು ಊರಿಗೆ ಹೆದರಿ ಮಾಡಬೇಕು.

ಕೋಣೆಯಲ್ಲಿ ಒಲೆ ಮೇಸ್ತ್ರಿ, ಚಿಕ್ಕಮ್ಮ ಕೂತಿದ್ದರು. ಖಾಲಿ ಡಬ್ಬಿ ಬಾಯಿ ತೆರೆದು ಕಾಯುತ್ತಿತ್ತು. ಮ್ಯಾನೇಜರ್ ಅವಳ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ. ಅವಳು ಎರಡು ತಟ್ಟೆ ಇಟ್ಟಳು. ಒಂದರಲ್ಲಿ ಆ ಬೆಳಗಿನ ಬಿಸ್ಕತ್ತು. ಇನ್ನೊಂದರಲ್ಲಿ ಕೋಳಿಗೆಂದು ಕೆಳಗೆ ಚೀಲದಲ್ಲಿ ಕಟ್ಟಿಟ್ಟಿದ್ದ, ಇನ್ನೂ ಪುಡಿಯಾಗದಿದ್ದ ಹಿಟ್ಟಣ್ಣನದು. ಯಾವುದು ಯಾವುದೆಂದು ಹೇಳಲಿಲ್ಲ.

"ಇವತ್ತು ನೀವು ಮೊದಲು ಹೇಳಿ," ಎಂದಳು.

ಇಬ್ಬರೂ ಎರಡೂ ತಟ್ಟೆಯದನ್ನು ತಿಂದರು, ನೀರು ಕುಡಿದರು, ಅವಳ ಮುಖ ನೋಡಿದರು. ಅವಳು ಮುಖ ಗಟ್ಟಿಮಾಡಿಕೊಂಡಳು. ಅವರು ಹುಬ್ಬು ನೋಡಿದರು, ತುಟಿ ನೋಡಿದರು, ಏನಾದರೂ ಸುಳಿವು ಸಿಗುತ್ತದೋ ಎಂದು ಹುಡುಕಿದರು. ಇಷ್ಟು ವರ್ಷ ಇವರು ತಿಂದದ್ದು ಬಿಸ್ಕತ್ತನ್ನಲ್ಲ, ತನ್ನ ಮುಖವನ್ನು ಎಂದು ಅವಳಿಗೆ ಹೊಳೆಯಿತು. ಅವಳು ಎದ್ದು, ಕುರ್ಚಿ ಎಳೆದು ಗೋಡೆಯ ಕಡೆ ತಿರುಗಿಸಿ, ಅವರಿಗೆ ಬೆನ್ನು ಹಾಕಿ ಕೂತಳು.

"ಈಗ ಹೇಳಿ."

ಒಲೆ ಮೇಸ್ತ್ರಿ ಕೆಮ್ಮಿದ.

"ಅಕ್ಕಾ, ಈ ಕಡೆ ತಿರುಗಿ. ಭಯ ಆಗುತ್ತೆ," ಎಂದಳು ಚಿಕ್ಕಮ್ಮ.

"ತಿರುಗಲ್ಲ. ಹೇಳು. ನಂಗೆ ಸಿಹಿ ಗೊತ್ತಾಗ್ತಾ ಇಲ್ಲ ಕಣೇ. ನಿನ್ನೆ ಮನೇಲಿ ನೋಡ್ಕೊಂಡೆ, ನಿಜವಾಗ್ಲೂ ಗೊತ್ತಾಗ್ತಿಲ್ಲ. ನಿನ್ನ ಬಾಯಿಂದಾನೇ ಕೇಳ್ಬೇಕು."

ಮ್ಯಾನೇಜರ್ ಬಾಗಿಲಲ್ಲಿ ಉಸಿರು ಬಿಟ್ಟದ್ದು ಕೇಳಿಸಿತು. ಹೇಳಿದ್ದು ಹೇಳಿಯಾಗಿತ್ತು. ಇನ್ನು ಆ ಕುರ್ಚಿ ತನ್ನದಲ್ಲ ಎಂದು ಅವಳಿಗೂ ಗೊತ್ತಿತ್ತು. ಬಿಳಿ ಗೋಡೆ ಅವಳ ಮೂಗಿಗೆ ಒಂದು ಗೇಣು ದೂರದಲ್ಲಿತ್ತು.

"ಮೊದಲ್ನೇ ತಟ್ಟೇದು ತುಂಬಾ ಸಿಹಿ ಅಕ್ಕಾ," ಎಂದಳು ಚಿಕ್ಕಮ್ಮ. ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. "ಬಾಯಿ ಕಟ್ಟಿಹೋಗುತ್ತೆ. ಇವತ್ತಿಂದಲ್ಲ, ನಾನು ಈ ಕೋಣೆಗೆ ಬಂದು ಆರು ವರ್ಷ ಆಯ್ತಲ್ಲ, ಆವಾಗಿನಿಂದ್ಲೂ ಹಾಗೇ, ವರ್ಷ ವರ್ಷ ಜಾಸ್ತೀನೇ ಆಗ್ತಾ ಬಂತು. ಶನಿವಾರ ಎಲ್ಲರಿಗೂ ಒಂದೊಂದು ಪೊಟ್ಟಣ ಕೊಡ್ತಾರಲ್ಲ, ನಮ್ಮನೇಲಿ ಮಕ್ಕಳು ಮುಟ್ಟಲ್ಲ. ಬಸ್ಸಲ್ಲಿ ಪಕ್ಕ ಕೂತಿರೋ ಅಜ್ಜೀರಿಗೆ ಕೊಟ್ಬಿಡ್ತೀನಿ. ಅವರಿಗೆ ತುಂಬಾ ಇಷ್ಟ."

"ಆರು ವರ್ಷ ದಿನಾ ತಲೆ ಆಡಿಸಿದ್ಯಲ್ಲೇ?"

"ನೀವು ಕಣ್ಣು ಮುಚ್ಕೊಂಡು ಅಷ್ಟು ಖುಷಿಯಿಂದ ತಿಂತಿದ್ರಿ ಅಕ್ಕಾ. ನನ್ನ ಬಾಯೇ ಸರಿ ಇಲ್ಲ ಅನ್ಕೊಂಡಿದ್ದೆ."

"ನಂಗೂ ಮೊದಲ್ನೇದು ಜಾಸ್ತಿ," ಎಂದ ಒಲೆ ಮೇಸ್ತ್ರಿ, ಈಗ ಚಿಕ್ಕಮ್ಮನ ಮುಖ ನೋಡುತ್ತಾ.

ಗೋಡೆಯ ಕಡೆ ಮುಖ ಮಾಡಿದ್ದವಳ ಕಣ್ಣು ತುಂಬಿತು. ದುಃಖ ಇತ್ತು, ನಾಚಿಕೆ ಇತ್ತು. ಅದರ ಜೊತೆಗೆ ದಿನವಿಡೀ ನಿಂತು ಕೆಲಸ ಮಾಡಿದವಳಿಗೆ ಕೂರಲು ಜಾಗ ಸಿಕ್ಕಂಥ ಹಗುರವೂ ಇತ್ತು. ಕರವಸ್ತ್ರ ಮೇಜಿನ ಮೇಲೆ ಉಳಿದಿತ್ತು, ತಿರುಗಿ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಸೆರಗಿನಲ್ಲೇ ಮೂಗು ಒರೆಸಿಕೊಂಡಳು.

"ಡಬ್ಬಿ ಮೇಲೆ ನೀನೇ ಸಹಿ ಹಾಕು ಚಿಕ್ಕಮ್ಮಾ," ಎಂದಳು. ಮ್ಯಾನೇಜರ್ ಏನೋ ಹೇಳಲು ಬಾಯಿ ತೆರೆದ. ಅವಳು ಬೆನ್ನಿನಲ್ಲೇ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದಳು. "ಎರಡನೇ ತಟ್ಟೇದು ಹೇಗಿದೆ ಅಂತ ನೀನಿನ್ನೂ ಹೇಳ್ಲೇ ಇಲ್ಲ."

ಹಿಂದೆ ಬಿಸ್ಕತ್ತು ಮುರಿದ ಸದ್ದು ಕೇಳಿಸಿತು, ಅಗಿಯುವ ಸದ್ದು ಕೇಳಿಸಿತು. ಮತ್ತೊಮ್ಮೆ ಮುರಿದ ಸದ್ದು.

"ಅಕ್ಕಾ, ಡಬ್ಬಿಗೆ ಹಾಕಿ ಉಳಿದದ್ದನ್ನ ನಾನು ಮನೆಗೆ ಒಯ್ಯಬಹುದಾ?" ಎಂದು ಕೇಳಿದಳು ಚಿಕ್ಕಮ್ಮ.